ಗುಣಿತವಿಲ್ಲದ ಅಕ್ಷರಗಳು

ಮೊದಲ ವರ್ಷದ ಹೀಬ್ರೂ ಪರೀಕ್ಷೆಯಲ್ಲಿ ನಾನು ಒಬ್ಬ ರಾಜನಿಂದ ಕ್ಷೌರಿಕನನ್ನು ಓದಿಸಿದ್ದೆ. ‘ರಾಜನು ಪುಸ್ತಕವನ್ನು ಓದಿದನು’ ಎಂದು ಬರೆಯಬೇಕಿದ್ದಲ್ಲಿ ‘ರಾಜನು ಕ್ಷೌರಿಕನನ್ನು ಓದಿದನು’ ಎಂದು ಬರೆದುಬಂದಿದ್ದೆ. ಮೇಷ್ಟ್ರು ಉತ್ತರಪತ್ರಿಕೆಯ ಅಂಚಿನಲ್ಲಿ ಕೆಂಪು ಶಾಯಿಯ ಪುಟ್ಟ ಕತ್ತರಿಯೊಂದನ್ನು ಬಿಡಿಸಿ, ಅರ್ಧ ಅಂಕ ಕೊಟ್ಟಿದ್ದರು.

ತಪ್ಪು ಪೂರ್ತಿ ನನ್ನದಲ್ಲ. ಹೀಬ್ರೂವಿನಲ್ಲಿರುವುದು 22 ಅಕ್ಷರ, 22ಕ್ಕೆ 22 ವ್ಯಂಜನವೇ. ಬಲದಿಂದ ಎಡಕ್ಕೆ ಬರೆಯುವುದಕ್ಕೆ ಒಂದು ವಾರದಲ್ಲಿ ಕೈ ಹೊಂದಿಕೊಳ್ಳುತ್ತದೆ. ಹೊಂದಿಕೊಳ್ಳದೆ ಸತಾಯಿಸುವುದು ಗುಣಿತ. ಅಲ್ಲಿ ಗುಣಿತವೇ ಇಲ್ಲ. ‘ಕ’ ಬರೆದಿದ್ದರೆ ಅದು ಕ, ಕಿ, ಕು, ಕೆ, ಕೊ ಯಾವುದೂ ಆಗಬಹುದು; ಸುಮ್ಮನೆ ‘ಕ್’ ಕೂಡ ಆಗಬಹುದು. ಸ–ಫ–ರ ಎಂಬ ಮೂರು ಅಕ್ಷರವನ್ನು ‘ಸೇಫೆರ್’ ಎಂದು ಓದಿದರೆ ಪುಸ್ತಕ, ‘ಸಪ್ಪಾರ್’ ಎಂದರೆ ಕ್ಷೌರಿಕ, ‘ಸ್ಫಾರ್’ ಎಂದರೆ ಗಡಿ, ‘ಸಿಪ್ಪೇರ್’ ಎಂದರೆ ‘ಕಥೆ ಹೇಳಿದನು’. ಅಕ್ಷರಗಳ ಮೇಲೆ ಕೆಳಗೆ ಚುಕ್ಕಿ ಗೆರೆ ಇಟ್ಟು ಸ್ವರ ತೋರಿಸುವ ಪದ್ಧತಿ ಒಂದಿದೆ, ನಿಜ. ಸಾವಿರದ ಚಿಲ್ಲರೆ ವರ್ಷಗಳ ಹಿಂದೆ ತಿಬೇರಿಯಸ್ ಊರಿನ ಪಂಡಿತರು ಅದನ್ನು ಹದಗೊಳಿಸಿದರು. ಆದರೆ ಅದು ಬೈಬಲ್ಲಿಗೆ, ಕಾವ್ಯಕ್ಕೆ, ಮಕ್ಕಳ ಪುಸ್ತಕಕ್ಕೆ. ಪತ್ರಿಕೆ, ಕಾದಂಬರಿ, ಹಳೆಯ ಪತ್ರ, ಕೊನೆಗೆ ಪ್ರಾರ್ಥನಾಮಂದಿರದಲ್ಲಿ ಸುರುಳಿ ಬಿಚ್ಚಿ ಓದುವ ಯಹೂದಿಗಳ ಮೂಲ ಧರ್ಮಗ್ರಂಥ ತೋರಾ, ಇವೆಲ್ಲ ಬೋಳು ವ್ಯಂಜನಗಳೇ. ಉಳಿದದ್ದನ್ನು ಓದುವವರು ತುಂಬಿಸಿಕೊಳ್ಳಬೇಕು.

ಮಂಗಳೂರಿನ ಕನ್ನಡ ಶಾಲೆಯಲ್ಲಿ ಕಾಗುಣಿತ ತಪ್ಪಿದರೆ ಐದೈದು ಸಲ ಬರೆಸುತ್ತಿದ್ದರು. ಅಂಥವಳಿಗೆ ಇದು ಶಿಕ್ಷೆಯ ಹಾಗೇ ಕಂಡಿತ್ತು.

ನಾನು ಲಂಡನ್ನಿಗೆ ಬಂದದ್ದು ಹದಿನೈದನೇ ವಯಸ್ಸಿಗೆ, ಅಮ್ಮನ ಹಿಂದೆ. ಅಮ್ಮ ನರ್ಸ್. ಬಂದ ವರ್ಷವೇ ಶಾಲೆಯಿಂದ ನಮ್ಮನ್ನು ಯುದ್ಧದ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದರು. ಅಲ್ಲಿ ನಾತ್ಸಿಗಳು ಯಹೂದಿಗಳನ್ನು ಕೊಂದ ಔಶ್ವಿಟ್ಸ್ ಶಿಬಿರದ್ದೊಂದು ದೊಡ್ಡ ಮಾದರಿ ಇತ್ತು, ಎಲ್ಲ ಬಿಳಿ. ರೈಲಿನಿಂದ ಇಳಿದು ಸಾಲಾಗಿ ನಿಂತ ಬೆರಳುಗುರಿನಷ್ಟು ಎತ್ತರದ ಮನುಷ್ಯರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ. ಪದವಿಗೆ ಅರ್ಜಿ ಹಾಕುವ ಹೊತ್ತಿಗೆ ಯಹೂದಿಗಳ ಚರಿತ್ರೆ, ಧರ್ಮ, ಸಾಹಿತ್ಯ ಕಲಿಸುವ ವಿಭಾಗವೊಂದಿದೆ ಎಂದು ಗೊತ್ತಾಯಿತು. ಮನೆಯಲ್ಲಿ ಹೇಳಿದೆ.

ಊರಿಂದ ದೊಡ್ಡಮ್ಮ ಫೋನಿನಲ್ಲಿ ಕೇಳಿದರು, “ಎಂತ ಓದುದು ನೀನು? ಯಹೂದಿಯಾ? ಅದರಲ್ಲಿ ಕೆಲಸ ಎಂತ ಸಿಗ್ತದೆ ಮಾರಾಯ್ತಿ?” ಮಾವನೊಬ್ಬರು ಮತಾಂತರದ ಭಯ ವ್ಯಕ್ತಪಡಿಸಿದರು. ಪಾಪ, ಯಹೂದಿಗಳು ಯಾರನ್ನೂ ಕರೆಯುವುದಿಲ್ಲ, ಸೇರುತ್ತೇನೆಂದು ಬಂದವರನ್ನೂ ರಬ್ಬಿಗಳು, ಅಂದರೆ ಅವರ ಧರ್ಮಗುರುಗಳು, ಮೊದಲು ಹಿಂದಕ್ಕೆ ಕಳಿಸುವ ಸಂಪ್ರದಾಯವಿದೆ ಎಂದು ಅವರಿಗೆ ಯಾರು ಹೇಳಬೇಕು? ಅಮ್ಮ ಮಾತ್ರ ಏನೂ ಕೇಳಲಿಲ್ಲ. ಅವಳಿಗೆ ಯಹೂದಿಗಳು ಗೊತ್ತಿದ್ದರು, ವಾರ್ಡಿನಿಂದ. “ಕೆಲವು ಅಜ್ಜಿಯಂದಿರು ಶನಿವಾರ ಬೆಲ್ ಒತ್ತುದಿಲ್ಲ. ಕರೆಂಟಿನದ್ದು ಮುಟ್ಲಿಕ್ಕಿಲ್ಲ ಅಂತೆ. ಹಾಗೆ ನಾನೇ ಗಂಟೆಗೊಂದು ಸಲ ಹೋಗಿ ಇಣುಕುದು” ಎಂದಳು. ಜೀವಕ್ಕೆ ಅಪಾಯವಿದ್ದಾಗ ಸಬ್ಬತ್ತಿನ, ಅಂದರೆ ಶನಿವಾರದ ವಿಶ್ರಾಂತಿಯ, ನಿಯಮ ಮುರಿಯಲೇಬೇಕು ಎಂದು ಅವರ ಶಾಸ್ತ್ರವೇ ಹೇಳುತ್ತದೆ. ಆದರೆ ಅಜ್ಜಿಯಂದಿರ ಶಾಸ್ತ್ರ ಎಲ್ಲ ಕಡೆಯೂ ಬೇರೆಯೇ.

ಪ್ರವೇಶದ ಸಂದರ್ಶನದಲ್ಲಿ ‘ಇದನ್ನೇ ಏಕೆ ಓದಬೇಕು’ ಎಂದು ಕೇಳಿದರು. ‘ಅವರಿಗೆ ಆದ ಅನ್ಯಾಯವನ್ನು ತಿಳಿಯಬೇಕು’ ಎಂದೆ. ಬಿಳಿ ಗಡ್ಡದ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾಯುವುದಕ್ಕೆ ಮುಂಚೆ ಮೂರು ಸಾವಿರ ವರ್ಷ ಬದುಕಿಯೂ ಇದ್ದರು. ಮೊದಲು ಅದನ್ನು ನೋಡಬಹುದೇ?” ಎಂದರು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಸೀಟು ಸಿಗುವುದಿಲ್ಲ ಎಂದುಕೊಂಡು ಮನೆಗೆ ಬಂದೆ. ಸಿಕ್ಕಿತು.

ಆ ಮಾತಿನ ಹಿಂದೆ ಒಬ್ಬ ಇತಿಹಾಸಕಾರ ಇದ್ದಾನೆಂದು ತಿಳಿದದ್ದು ಆಮೇಲೆ. ಸಾಲೋ ಬ್ಯಾರನ್, ಪೋಲೆಂಡಿನ ತಾರ್ನುವ್ ಊರಿನವನು. 1930ರಿಂದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಯಹೂದಿ ಚರಿತ್ರೆಯ ಪ್ರಾಧ್ಯಾಪಕ. ಯಹೂದಿಗಳ ಕಥೆಯೆಂದರೆ ಒಂದು ಹಿಂಸೆಯಿಂದ ಇನ್ನೊಂದು ಹಿಂಸೆಗೆ ದಾಟುವ ಕಣ್ಣೀರಿನ ಚರಿತ್ರೆ ಎಂದು ಬರೆಯುವುದನ್ನು ಅವನು 1928ರಲ್ಲೇ ಆಕ್ಷೇಪಿಸಿದ್ದ. ಮಧ್ಯಯುಗದ ಯುರೋಪಿನಲ್ಲಿ ಯಹೂದಿಯ ಪಾಡು ಅಲ್ಲಿನ ಜೀತದ ರೈತನ ಪಾಡಿಗಿಂತ ಕೆಟ್ಟದಾಗಿರಲಿಲ್ಲ, ಎಷ್ಟೋ ಕಡೆ ಮೇಲೇ ಇತ್ತು ಎಂದು ವಾದಿಸಿದ್ದ. ಮುಂದೆ ಅವನ ತಂದೆ ತಾಯಿ, ಒಬ್ಬ ಸೋದರಿ ನಾತ್ಸಿಗಳ ಕೈಯಲ್ಲಿ ಸತ್ತರು. 1961ರಲ್ಲಿ ನಾತ್ಸಿ ಅಧಿಕಾರಿ ಐಕ್‌ಮನ್ನನ ವಿಚಾರಣೆಯಲ್ಲಿ ಸಾಕ್ಷಿ ಹೇಳಲು ನಿಂತವರಲ್ಲಿ ಅವನೂ ಒಬ್ಬ. ಆಮೇಲೂ ತನ್ನ ವಾದವನ್ನು ಬಿಡಲಿಲ್ಲ.

ಯಹೂದಿ ಶಾಸ್ತ್ರಚರ್ಚೆಗಳ ದೊಡ್ಡ ಸಂಕಲನವೇ ತಾಲ್ಮುದ್. ಅದರ ತರಗತಿ ನಡೆಯುತ್ತಿದ್ದದ್ದು ನೆಲಮಾಳಿಗೆಯ ಕೋಣೆಯಲ್ಲಿ, ಹೀಟರು ಕಟಕಟ ಸದ್ದು ಮಾಡುತ್ತಿತ್ತು. ಮೊದಲ ದಿನ ಒಂದು ಸಂಪುಟ ತೆರೆದು ಮೊದಲ ಪುಟ ಹುಡುಕಿದೆ. ಇಲ್ಲ. ತಾಲ್ಮುದ್‌ನ ಸಂಪುಟಗಳು ಶುರುವಾಗುವುದೇ ಎರಡನೇ ಹಾಳೆಯಿಂದ. 1520ರ ದಶಕದಲ್ಲಿ ವೆನಿಸ್ಸಿನಲ್ಲಿ ಇಡೀ ತಾಲ್ಮುದ್ ಅಚ್ಚು ಮಾಡಿದ ಡೇನಿಯಲ್ ಬಾಂಬರ್ಗ್ ಎಂಬ ಕ್ರೈಸ್ತ ಮುದ್ರಕ ಶೀರ್ಷಿಕೆಯ ಹಾಳೆಯನ್ನೇ ಒಂದು ಎಂದು ಎಣಿಸಿದ. ಅವನ ಹಾಳೆಯೆಣಿಕೆಯೇ ಇವತ್ತಿಗೂ ನಡೆದು ಬಂದಿದೆ. ಎಷ್ಟೇ ಓದಿದರೂ ಮೊದಲ ಪುಟವನ್ನು ನೀನಿನ್ನೂ ಓದಿಲ್ಲ ಎಂದು ನೆನಪಿಸಲಿಕ್ಕೇ ಹೀಗೆ ಎಂದು ಭಕ್ತರು ಹೇಳುತ್ತಾರೆ. ಮುದ್ರಕನ ಲೆಕ್ಕಕ್ಕೂ ಒಂದು ಅರ್ಥ ಕಟ್ಟಿಬಿಡುವ ಈ ಚಾಳಿ ನನಗೆ ಇಷ್ಟವಾಯಿತು.

ಪುಟದ ನಡುವೆ ಒಂದು ಕಂಬದ ಹಾಗೆ ಮೂಲ: ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಮಿಶ್ನಾ, ಅದರ ಕೆಳಗೆ ಮುಂದಿನ ಮೂರು ನಾಲ್ಕು ಶತಮಾನಗಳ ಚರ್ಚೆಯಾದ ಗೆಮಾರಾ. ಒಂದು ಮಗ್ಗುಲಲ್ಲಿ ಹನ್ನೊಂದನೇ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ರಾಶಿ. (ಹೆಸರೂ ರಾಶಿ, ಬರೆದದ್ದೂ ರಾಶಿ.) ಇನ್ನೊಂದು ಮಗ್ಗುಲಲ್ಲಿ ಆ ರಾಶಿಯನ್ನೇ ತರಾಟೆಗೆ ತೆಗೆದುಕೊಳ್ಳುವ ಅವನ ಮೊಮ್ಮಕ್ಕಳು, ಅವರ ಶಿಷ್ಯರು. ಅಂಚಿನಲ್ಲಿ ಮತ್ತೂ ಚಿಕ್ಕ ಅಕ್ಷರದಲ್ಲಿ ಮತ್ತೂ ಈಚಿನವರು. ಸಾವಿರದೈನೂರು ವರ್ಷಗಳ ಜನ ಒಂದೇ ಪುಟದಲ್ಲಿ ಕೂತು ಒಬ್ಬರ ಮಾತಿಗೊಬ್ಬರು ಅಡ್ಡ ಬಾಯಿ ಹಾಕುತ್ತಿರುತ್ತಾರೆ. ಮೂಲ, ಭಾಷ್ಯ, ಟೀಕೆ, ಟಿಪ್ಪಣಿ ನಮಗೆ ಹೊಸತಲ್ಲ. ಎಲ್ಲವೂ ಒಟ್ಟಿಗೆ ಕಣ್ಣಿಗೆ ಬೀಳುವುದು ಹೊಸತು.

ನಾವು ಮೊದಲು ಓದಿದ್ದು ಒಂದು ಹೊದಿಕೆಯ ಜಗಳ. ಇಬ್ಬರು ಒಂದೇ ಬಟ್ಟೆಯನ್ನು ಹಿಡಿದುಕೊಂಡು ಬರುತ್ತಾರೆ. ‘ನನಗೆ ಸಿಕ್ಕಿತು’ ಎನ್ನುತ್ತಾನೆ ಇವನು. ‘ನನಗೆ ಸಿಕ್ಕಿತು’ ಎನ್ನುತ್ತಾನೆ ಅವನು. ‘ಪೂರ್ತಿ ನನ್ನದು’ ಎಂದು ಇಬ್ಬರದೂ ಹಟ. ತೀರ್ಪು: ‘ಇದರಲ್ಲಿ ನನ್ನ ಪಾಲು ಅರ್ಧಕ್ಕಿಂತ ಕಡಿಮೆಯಿಲ್ಲ’ ಎಂದು ಇಬ್ಬರೂ ಆಣೆ ಮಾಡಿ, ಹಂಚಿಕೊಳ್ಳಲಿ. ಓದಿ ಮುಗಿಸಿದೆ, ಐದು ನಿಮಿಷವೂ ಆಗಲಿಲ್ಲ. ‘ಆಣೆ ಯಾಕೆ ಹಾಗೆ ವಕ್ರವಾಗಿದೆ?’ ಎಂದು ಮೇಷ್ಟ್ರು ಕೇಳಿದರು. ಪೂರ್ತಿ ನನ್ನದೆಂದು ಆಣೆ ಮಾಡಿದವನಿಗೆ ಅರ್ಧ ಕೊಟ್ಟರೆ ಆಣೆಯೇ ಹಗುರಾಗುತ್ತದೆ. ಅರ್ಧ ನನ್ನದೆಂದು ಆಣೆ ಮಾಡಿಸಿದರೆ ಅವನ ದಾವೆಯನ್ನು ಅವನ ಬಾಯಿಂದಲೇ ಸುಳ್ಳು ಮಾಡಿಸಿದ ಹಾಗೆ. ‘ಅರ್ಧಕ್ಕಿಂತ ಕಡಿಮೆಯಿಲ್ಲ’ ಎಂದರೆ ಇಬ್ಬರೂ ಸುಳ್ಳುಗಾರರಾಗದೆ ಮನೆಗೆ ಹೋಗಬಹುದು. ಆಮೇಲೆ ಪ್ರಶ್ನೆಗಳು ಬೆಳೆದವು. ಒಬ್ಬ ಪೂರ್ತಿ ನನ್ನದೆಂದು, ಇನ್ನೊಬ್ಬ ಅರ್ಧ ನನ್ನದೆಂದು ಹೇಳಿದರೆ? ಮೊದಲನೆಯವನಿಗೆ ಮುಕ್ಕಾಲು, ಎರಡನೆಯವನಿಗೆ ಕಾಲು. ಜಗಳವಿರುವುದು ಉಳಿದರ್ಧದ ಮೇಲೆ ಮಾತ್ರ ತಾನೆ? ಬಟ್ಟೆಯ ಬದಲು ಪ್ರಾಣಿಯಾಗಿದ್ದು, ಒಬ್ಬ ಮೇಲೆ ಕೂತು ಇನ್ನೊಬ್ಬ ಹಗ್ಗ ಹಿಡಿದಿದ್ದರೆ? ಆ ಒಂದು ಹೊದಿಕೆಯಲ್ಲಿ ನಮಗೆ ಆರು ವಾರ ಕಳೆಯಿತು. ಔಶ್ವಿಟ್ಸ್ ತಿಳಿಯಲು ಬಂದವಳು ನಾನು.

ಇದನ್ನು ಒಬ್ಬೊಬ್ಬರೇ ಓದುವ ಪದ್ಧತಿಯಿಲ್ಲ. ಇಬ್ಬಿಬ್ಬರು ಎದುರುಬದುರು ಕೂತು, ಗಟ್ಟಿಯಾಗಿ ಓದಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೆಡವಬೇಕು. ‘ಹವ್ರೂತಾ’ ಎನ್ನುತ್ತಾರೆ. ನನ್ನ ಜೋಡಿಗೆ ಸಿಕ್ಕವನು ಉತ್ತರ ಲಂಡನ್ನಿನ ಹುಡುಗ, ರಬ್ಬಿಯೊಬ್ಬರ ಮೊಮ್ಮಗ, ಆದರೆ ದೇವರನ್ನು ನಂಬುತ್ತಿರಲಿಲ್ಲ. ಮೊದಲ ತಿಂಗಳು ನಾನು ಎಲ್ಲದಕ್ಕೂ ತಲೆಯಾಡಿಸುತ್ತಿದ್ದೆ. ಅವನು ರೇಗಿ, “ನೀನು ಒಪ್ಪಿಕೊಂಡರೆ ನಾನು ಕಲಿಯುವುದು ಹೇಗೆ?” ಎಂದ. ಅವತ್ತು ನೆನಪಾದದ್ದು ನಮ್ಮಜ್ಜ. ತಾಳಮದ್ದಲೆ ಎಂದರೆ ಅಜ್ಜನಿಗೆ ಊಟ ಬೇಡ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿಗಳು ಕೂತಲ್ಲೇ ರಾತ್ರಿಯಿಡೀ ವಾದಕ್ಕೆ ಬೀಳುತ್ತಾರೆ. ವಾಲಿ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು. ಕಥೆಯಲ್ಲಿ ವಾಲಿ ಸಾಯಲೇಬೇಕು, ಅದು ಎಲ್ಲರಿಗೂ ಗೊತ್ತು. ಆದರೂ ವಾಲಿಯ ಅರ್ಥ ಹೇಳುವವರು ಗಟ್ಟಿಗರಾಗಿದ್ದರೆ ಬೆಳಗಿನ ಜಾವ ಎದ್ದು ಹೋಗುವಾಗ ಅಜ್ಜ ವಾಲಿಯ ಪಕ್ಷ. ಮರುದಿನದಿಂದ ನಾನೂ ಅರ್ಥಧಾರಿಯಾದೆ.

ಸೋತ ಪಕ್ಷದ ಮಾತನ್ನು ಉಳಿಸಿಕೊಳ್ಳುವುದು ತಾಲ್ಮುದ್‌ನ ಹಟ. ಹಿಲ್ಲೇಲ್‌ನ ಮನೆಯವರು, ಶಮ್ಮಾಯ್‌ನ ಮನೆಯವರು ಎಂದು ಎರಡು ಪಂಥ. ಎರಡರದೂ ಜೀವಂತ ದೇವರ ಮಾತೇ, ಆದರೆ ನಡೆಯುವುದು ಹಿಲ್ಲೇಲ್ ಪಂಥದ್ದು ಎಂದಿದೆ. ಯಾಕೆಂದರೆ ಅವರು ಮೃದು ಸ್ವಭಾವದವರು. ಪಾಠ ಹೇಳುವಾಗ ಎದುರು ಪಕ್ಷದ ಅಭಿಪ್ರಾಯವನ್ನೂ ಹೇಳುತ್ತಿದ್ದರು, ಅದನ್ನೇ ಮೊದಲು ಹೇಳುತ್ತಿದ್ದರು. ಬಗೆಹರಿಯದ ಪ್ರಶ್ನೆಗೆ ಕೊನೆಯಲ್ಲಿ ಒಂದೇ ಪದ: ‘ತೇಕೂ’, ನಿಲ್ಲಲಿ. ಅಲ್ಲೇ ಇರಲಿ ಬಿಡಿ ಎಂದ ಹಾಗೆ.

ಒಲೆಯ ಕಥೆಯನ್ನು ಕೆಲವರಾದರೂ ಕೇಳಿರುತ್ತೀರಿ. ತುಂಡುತುಂಡಾಗಿ ಜೋಡಿಸಿದ ಒಂದು ಒಲೆಗೆ ಮೈಲಿಗೆ ತಟ್ಟುತ್ತದೋ ಇಲ್ಲವೋ ಎಂಬುದು ವಿವಾದ. ರಬ್ಬಿ ಎಲಿಯೇಝರ್ ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ. ‘ನಾನು ಹೇಳಿದ್ದು ಸರಿಯಾದರೆ ಈ ಮರ ಸಾಕ್ಷಿ ಹೇಳಲಿ’ ಎಂದ ಎಲಿಯೇಝರ್. ಮರ ಬುಡಸಮೇತ ನೂರು ಮೊಳ ಸರಿಯಿತು. ‘ಮರದಿಂದ ಪ್ರಮಾಣ ತರುವ ಹಾಗಿಲ್ಲ’ ಎಂದರು ಉಳಿದವರು. ಕಾಲುವೆ ಹಿಂದಕ್ಕೆ ಹರಿಯಿತು. ಶಾಲೆಯ ಗೋಡೆಗಳು ವಾಲಿದವು. ರಬ್ಬಿ ಯೆಹೋಶುವ ಆ ಗೋಡೆಗಳನ್ನೇ ಗದರಿಸಿದ: ಪಂಡಿತರು ವಾದ ಮಾಡುವಾಗ ನಿಮಗೇನು ಕೆಲಸ? ಇವನ ಮಾನಕ್ಕೆ ಬೀಳಲಿಲ್ಲ, ಅವನ ಮಾನಕ್ಕೆ ನೆಟ್ಟಗಾಗಲಿಲ್ಲ, ವಾಲಿಯೇ ನಿಂತವು. ಕೊನೆಗೆ ಆಕಾಶವಾಣಿಯೇ ಎಲಿಯೇಝರ್ ಪರ ನುಡಿಯಿತು. ಯೆಹೋಶುವ ಎದ್ದು ನಿಂತು ತೋರಾದ ಮಾತನ್ನೇ ತೋರಾದ ಒಡೆಯನಿಗೆ ಹೇಳಿದ: ‘ಅದು ಆಕಾಶದಲ್ಲಿಲ್ಲ.’ ಕೊಟ್ಟಾಗಿದೆ, ಇನ್ನು ನಿರ್ಧಾರ ಬಹುಮತದ್ದು. ಆಗ ದೇವರು ನಕ್ಕು, ‘ನನ್ನ ಮಕ್ಕಳು ನನ್ನನ್ನು ಸೋಲಿಸಿದರು’ ಎಂದನಂತೆ.

ಈ ಕಥೆಯನ್ನು ಹೇಳುವವರೆಲ್ಲ ದೇವರ ನಗುವಿಗೆ ನಿಲ್ಲಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಪುಟ ಅಲ್ಲಿಗೆ ಮುಗಿಯುವುದಿಲ್ಲ. ಅದೇ ದಿನ ಎಲಿಯೇಝರ್ ‘ಶುದ್ಧ’ ಎಂದ ವಸ್ತುಗಳನ್ನೆಲ್ಲ ತಂದು ಸುಟ್ಟರು, ಅವನಿಗೆ ಬಹಿಷ್ಕಾರ ಹಾಕಿದರು. ಸುದ್ದಿ ಹೇಳಲು ಶಿಷ್ಯ ಅಕೀವಾ ಕರಿ ಬಟ್ಟೆಯುಟ್ಟು ಹೋಗಿ ನಾಲ್ಕು ಮೊಳ ದೂರ ಕೂತ. ಎಲಿಯೇಝರ್ ಬಟ್ಟೆ ಹರಿದುಕೊಂಡು ನೆಲದ ಮೇಲೆ ಕೂತು ಅತ್ತ. ಜಗತ್ತಿನ ಬೆಳೆಯಲ್ಲಿ ಮೂರರಲ್ಲೊಂದು ಪಾಲು ಬಾಡಿತು ಎನ್ನುತ್ತದೆ ಪಠ್ಯ. ಬಹುಮತ ಗೆದ್ದದ್ದೂ ನಿಜ, ಗೆದ್ದವರು ಕ್ರೂರಿಗಳಾದದ್ದೂ ನಿಜ. ಎರಡನ್ನೂ ಬರೆದಿಟ್ಟವರು ಗೆದ್ದವರೇ. ಮೂರು ವರ್ಷದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಈ ಒಂದು ಹಾಳೆ ಎಂದರೆ ಉಳಿದ ಪಾಠಗಳಿಗೆ ಅನ್ಯಾಯವಾದೀತು. ಆಗಲಿ.

ಒಂದು ದಿನ ಚರ್ಚೆಯ ಬಿಸಿಯಲ್ಲಿ ನನ್ನ ಮೊಣಕೈ ತಾಗಿ ಸಂಪುಟ ನೆಲಕ್ಕೆ ಬಿತ್ತು. ನಾನು ಬಗ್ಗಿ ಎತ್ತಿದೆ, ಯೋಚಿಸದೆ ಕಣ್ಣಿಗೆ ಒತ್ತಿಕೊಂಡೆ. ಅವನು ನನ್ನ ಕೈಯಿಂದ ತೆಗೆದುಕೊಂಡು, ಅವನೂ ಯೋಚಿಸದೆ, ಮುತ್ತಿಟ್ಟ. ದೇವರನ್ನು ನಂಬದ ಹುಡುಗ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಮತ್ತೆ ಹೊದಿಕೆಗೆ ಮರಳಿದೆವು.

ಇತಿಹಾಸದ ಪತ್ರಿಕೆಗಳಲ್ಲಿ ಓಡಿದ್ದೇ ಹೆಚ್ಚು. ಕ್ರಿ.ಶ. 70ರಲ್ಲಿ ರೋಮನರು ಜೆರುಸಲೇಮಿನ ದೇಗುಲ ಸುಟ್ಟರು, ಬಲಿಪೀಠದ ಧರ್ಮ ಪುಸ್ತಕದ ಧರ್ಮವಾಯಿತು. 1290ರಲ್ಲಿ ಇಂಗ್ಲೆಂಡಿನಿಂದ, 1492ರಲ್ಲಿ ಸ್ಪೇನಿನಿಂದ ಗಡೀಪಾರು. ಇಂಗ್ಲೆಂಡಿಗೆ ಮರಳಿ ಬಂದದ್ದು 1656ರ ಹೊತ್ತಿಗೆ, ಕ್ರಾಮ್‌ವೆಲ್ಲನ ಕಾಲದಲ್ಲಿ. ಇದಕ್ಕೆಲ್ಲ ತೇದಿಗಿಂತ ಲಂಡನ್ನಿನ ಬೀದಿಯೇ ಒಳ್ಳೆಯ ಪಾಠ. ಬ್ರಿಕ್ ಲೇನ್‌ನ ಮಸೀದಿಯನ್ನು 1743ರಲ್ಲಿ ಕಟ್ಟಿದ್ದು ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟಂಟರ ಇಗರ್ಜಿಯಾಗಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ರಷ್ಯಾದಿಂದ ಓಡಿಬಂದ ಯಹೂದಿಗಳ ಸಿನಗಾಗ್ ಆಯಿತು, 1976ರಲ್ಲಿ ಬಾಂಗ್ಲಾದೇಶದವರ ಮಸೀದಿ. ಗೋಡೆಯ ಮೇಲಿನ ನೆರಳುಗಡಿಯಾರ ಮಾತ್ರ ಮೊದಲಿನದ್ದೇ. ಅದೇ ಬೀದಿಯಲ್ಲಿ ರಾತ್ರಿಯಿಡೀ ತೆರೆದಿರುವ ಬೇಗಲ್ ಅಂಗಡಿಗಳಿವೆ. ಬೇಗಲ್ ಎಂದರೆ ಬೇಯಿಸಿ ಸುಟ್ಟ ಬಳೆಯಾಕಾರದ ರೊಟ್ಟಿ. ರಾತ್ರಿ ಪಾಳಿ ಮುಗಿಸಿ ಬರುವ ಅಮ್ಮನಿಗೆ ಅದರ ಮೇಲೆ ಬೆಣ್ಣೆ, ನಾವು ಊರಿಂದ ತಂದ ನಿಂಬೆ ಉಪ್ಪಿನಕಾಯಿ. ಶಾಸ್ತ್ರಸಮ್ಮತವೋ ಗೊತ್ತಿಲ್ಲ, ರುಚಿಸಮ್ಮತ.

ಯಿದ್ದಿಶ್ ಕಲಿತದ್ದು ಒಂದೇ ವರ್ಷ. ಜರ್ಮನಿನ ಮೈ, ಹೀಬ್ರೂವಿನ ಅಕ್ಷರ, ಸ್ಲಾವ್ ಭಾಷೆಗಳ ಉಪ್ಪುಖಾರ. ಶತಮಾನಗಳ ಕಾಲ ಪಂಡಿತರು ಹೀಬ್ರೂವಿನಲ್ಲಿ ಬರೆದರು, ಮನೆಯವರು ಯಿದ್ದಿಶಿನಲ್ಲಿ ಬೈದುಕೊಂಡರು, ಮುದ್ದಾಡಿದರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೂಜೆಯಲ್ಲಿ ಸಂಸ್ಕೃತ ಕೇಳಿ ಬೆಳೆದವಳಿಗೆ ಅದನ್ನು ವಿವರಿಸಬೇಕಿರಲಿಲ್ಲ. ಹ್ಯಾಂಬರ್ಗ್ ಊರಿನ ಗ್ಲಿಕ್ಲ್ ಎಂಬ ವ್ಯಾಪಾರಿ ಹೆಂಗಸು 1689ರಲ್ಲಿ ಗಂಡ ತೀರಿಕೊಂಡ ಮೇಲೆ, ನಿದ್ದೆ ಬಾರದ ರಾತ್ರಿಗಳ ಸಂಕಟ ಕಳೆಯಲು, ಮಕ್ಕಳಿಗೆಂದು ತನ್ನ ಬಾಳನ್ನು ಯಿದ್ದಿಶಿನಲ್ಲಿ ಬರೆಯತೊಡಗಿದಳು. ಮುತ್ತಿನ ವ್ಯಾಪಾರ, ಸಾಲ, ಮದುವೆಯ ಮಾತುಕತೆ, ದೇವರು, ದಿವಾಳಿ. ಇದನ್ನೆಲ್ಲ ವಿಶ್ವವಿದ್ಯಾಲಯದಲ್ಲಿ ಓದಬಹುದೆಂಬ ಕಲ್ಪನೆಯೇ ಹೊಸತು. 1819ರಲ್ಲಿ ಬರ್ಲಿನ್ನಿನಲ್ಲಿ ಲಿಯೋಪೋಲ್ಡ್ ತ್ಸುಂತ್ಸ್ ಮತ್ತವನ ಗೆಳೆಯರು ಯಹೂದಿ ಪಠ್ಯಗಳನ್ನು ಭಕ್ತಿಯಿಂದಲ್ಲ, ಗ್ರೀಕ್ ಲ್ಯಾಟಿನ್ ಓದುವ ಹಾಗೆ ಓದಬೇಕೆಂದು ಸಂಘ ಕಟ್ಟಿದರು. ಅಲ್ಲಿನ ವಿಶ್ವವಿದ್ಯಾಲಯಗಳು ತ್ಸುಂತ್ಸ್‌ನಿಗೆ ಕೊನೆಯವರೆಗೂ ಪೀಠ ಕೊಡಲಿಲ್ಲ.

ನಾನು ಬಂದ ಕಾರಣ ಮೂರನೇ ವರ್ಷದಲ್ಲಿ ಎದುರಾಯಿತು. ಅಷ್ಟರಲ್ಲಿ ನನ್ನ ಕಣ್ಣು ಬದಲಾಗಿತ್ತು. ನಾತ್ಸಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೋದಲ್ಲಿ ಎಮಾನುಯೆಲ್ ರಿಂಗೆಲ್‌ಬ್ಲುಮ್ ಎಂಬ ಇತಿಹಾಸಕಾರ 1940ರಲ್ಲಿ ಹತ್ತಾರು ಜನರನ್ನು ಗುಟ್ಟಾಗಿ ಕೂಡಿಸಿ ಒಂದು ದಫ್ತರ ಶುರು ಮಾಡಿದ. ಶನಿವಾರ ಸೇರುತ್ತಿದ್ದರು, ಅದಕ್ಕೇ ಗುಪ್ತನಾಮ ‘ಓನೆಗ್ ಶಬ್ಬೆಸ್’: ಸಬ್ಬತ್ತಿನ ಸಂತೋಷ. ಅವರು ಕೂಡಿಟ್ಟದ್ದೇನು? ಕೊಲೆಗಳ ಸಾಕ್ಷ್ಯ ಇದೆ, ಗಡೀಪಾರಿನ ಆದೇಶಗಳಿವೆ. ಅದರ ಜೊತೆಗೆ ಟ್ರಾಮಿನ ಟಿಕೆಟು, ಮಿಠಾಯಿ ಸುತ್ತುವ ಕಾಗದ, ರೇಷನ್ ಚೀಟಿ, ಗಂಜಿಕೇಂದ್ರದ ವರದಿ, ಒಂದೊಂದು ಮನೆಯಲ್ಲಿ ಎಷ್ಟೋ ಸಂಸಾರ ತುಂಬಿಕೊಂಡಿದ್ದರಿಂದ ಯಾರನ್ನು ಕರೆಯಲು ಎಷ್ಟು ಸಲ ಬೆಲ್ ಒತ್ತಬೇಕೆಂಬ ಚೀಟಿ. ನಾಳೆ ಬದುಕುವುದು ಖಾತ್ರಿಯಿಲ್ಲದವರು ಇಂಥದ್ದನ್ನು ಯಾಕೆ ಕೂಡಿಟ್ಟರು ಎಂದು ಮೊದಲ ವರ್ಷದ ನಾನಾಗಿದ್ದರೆ ಕೇಳುತ್ತಿದ್ದೆ.

ತಗಡಿನ ಪೆಟ್ಟಿಗೆಗಳಲ್ಲೂ ಹಾಲಿನ ಕ್ಯಾನುಗಳಲ್ಲೂ ತುಂಬಿ ನೆಲದಲ್ಲಿ ಹೂತಿಟ್ಟರು. ರಿಂಗೆಲ್‌ಬ್ಲುಮ್‌ನನ್ನು 1944ರ ಮಾರ್ಚ್‌ನಲ್ಲಿ ಹೆಂಡತಿ ಮಗನೊಂದಿಗೆ ಕೊಂದರು. ಗುಂಪಿನಲ್ಲಿ ಉಳಿದವರು ಮೂವರು. 1946ರ ಸೆಪ್ಟೆಂಬರಿನಲ್ಲಿ ಹಾಳುಬಿದ್ದ ಮನೆಗಳ ಅಡಿಯಿಂದ ಹತ್ತು ಪೆಟ್ಟಿಗೆ ತೆಗೆದರು, 1950ರ ಡಿಸೆಂಬರಿನಲ್ಲಿ ಎರಡು ಕ್ಯಾನು. ಇನ್ನೊಂದು ಪಾಲು ಇಂದಿಗೂ ಸಿಕ್ಕಿಲ್ಲ. ಪೆಟ್ಟಿಗೆಗಳಿಗೆ ನೀರು ನುಗ್ಗಿತ್ತು. ಚಿತ್ರಗಳಲ್ಲಿ ಅಂಟಿಕೊಂಡ ಕಾಗದದ ಮುದ್ದೆಗಳನ್ನು ನೋಡುವಾಗ ನನಗೆ ಆ ಬಿಳಿ ಮಾದರಿ ನೆನಪಾಯಿತು. ಅಲ್ಲಿ ಎಲ್ಲರೂ ಒಂದೇ ಬಣ್ಣ, ಒಂದೇ ಎತ್ತರ. ಇಲ್ಲಿ ಒಬ್ಬನಿಗೆ ಮೂರು ಬೆಲ್, ಇನ್ನೊಬ್ಬನಿಗೆ ನಾಲ್ಕು. ಅವತ್ತು ನಾನು ತರಗತಿಯಿಂದ ಎದ್ದು ಹೊರಗೆ ಹೋದೆ.

‘ಹಾಗಾದರೆ ನೀನು ಯಾರ ಕಡೆ?’ ಎಂದು ಈಗ ಕೇಳುವವರಿದ್ದಾರೆ. 2023ರ ಅಕ್ಟೋಬರಿನ ನಂತರ ಮನೆಯವರ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಧ್ವಜ, ಇಲ್ಲಿನ ಗೆಳೆಯರ ಗುಂಪಿನಲ್ಲಿ ಇನ್ನೊಂದು. ಊರಿನ ಮಾವ ಕಳಿಸುವ ವಿಡಿಯೋಗಳಲ್ಲಿ ಯಹೂದಿಗಳೆಂದರೆ ಶತ್ರುವಿಗೆ ತಕ್ಕ ಪಾಠ ಕಲಿಸುವ ಶೂರರು, ಅಷ್ಟೆ. ಗಾಜಾದ ಮಕ್ಕಳ ಸಾವಿಗೆ ನೊಂದು ಬರೆದರೆ ಒಬ್ಬರಿಗೆ ಸಿಟ್ಟು, ಇಸ್ರೇಲಿನ ಕಿಬ್ಬುತ್ಸ್ ಊರುಗಳಲ್ಲಿ ಕೊಲೆಯಾದವರಿಗೆ ನೊಂದರೆ ಇನ್ನೊಬ್ಬರಿಗೆ ಸಿಟ್ಟು. ಮೂರು ಸಾವಿರ ವರ್ಷಗಳ ಜನವನ್ನು ಒಂದು ಸರ್ಕಾರಕ್ಕೆ ಕಟ್ಟಿಹಾಕುವುದು, ಪ್ರೀತಿಯಿಂದಾಗಲಿ ದ್ವೇಷದಿಂದಾಗಲಿ, ನನಗೆ ಸೋಮಾರಿತನವಾಗಿ ಕಾಣುತ್ತದೆ. ನಮ್ಮ ತರಗತಿಯಲ್ಲಿ ಇದ್ದದ್ದು ಹನ್ನೊಂದು ಜನ. ಈ ವಿಷಯದಲ್ಲಿ ಹನ್ನೆರಡು ಅಭಿಪ್ರಾಯ.

ಕೊನೆಯ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಕೈರೋದ ಗೆನಿಜಾ. ದೇವರ ಹೆಸರಿರುವ ಕಾಗದವನ್ನು ಬಿಸಾಡುವಂತಿಲ್ಲ, ಹೂಳಬೇಕು. ಹೂಳುವವರೆಗೆ ಕೂಡಿಡುವ ಜಾಗಕ್ಕೆ ಗೆನಿಜಾ ಎಂದು ಹೆಸರು. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗಿನವರು ಕೂಡಿಟ್ಟರು, ಹೂಳುವುದನ್ನು ಮರೆತರು. ಹೀಬ್ರೂ ಲಿಪಿಯಲ್ಲಿ ಬರೆದದ್ದೆಲ್ಲ ಅಲ್ಲಿಗೆ ಬಿತ್ತು: ಪ್ರಾರ್ಥನೆ, ಬಾಡಿಗೆ ಕರಾರು, ವಿಚ್ಛೇದನ, ಅಂಗಡಿ ಲೆಕ್ಕ, ಮಕ್ಕಳ ಅಕ್ಷರಾಭ್ಯಾಸ. 1896ರಲ್ಲಿ ಸ್ಕಾಟ್ಲೆಂಡಿನ ಅವಳಿ ಸೋದರಿಯರು ಈಜಿಪ್ಟಿನ ಕಡೆಯಿಂದ ಕೊಂಡುತಂದ ಒಂದು ಹಾಳೆಯನ್ನು ಕೇಂಬ್ರಿಜ್‌ನ ಸಾಲೊಮನ್ ಶೆಕ್ಟರ್ ಗುರುತಿಸಿದ. ಚಳಿಗಾಲದಲ್ಲಿ ತಾನೇ ಹೋಗಿ, ಧೂಳು ಕುಡಿದು, ಮೂಟೆಗಟ್ಟಲೆ ಹೊತ್ತು ತಂದ. ಕೇಂಬ್ರಿಜ್ ಒಂದರಲ್ಲೇ ಈಗ ಸುಮಾರು 1,93,000 ತುಣುಕುಗಳಿವೆ. ಮಹಾಪಂಡಿತ ಮೈಮೊನಿಡೀಸ್‌ನ ಸ್ವಂತ ಕೈಬರಹವೂ ಅದರಲ್ಲಿದೆ. ಅವನ ತಮ್ಮ ದಾವೀದ ವ್ಯಾಪಾರಕ್ಕೆಂದು ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಅಣ್ಣ ಸುಮಾರು ಒಂದು ವರ್ಷ ಹಾಸಿಗೆ ಹಿಡಿದ.

ಆ ಸಮುದ್ರದ ಈಚೆ ದಡ ನಮ್ಮದು. ಟ್ಯುನೀಸಿಯಾದ ಮಹ್ದಿಯಾ ಊರಿನ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ 1132ರಿಂದ 1149ರವರೆಗೆ ಹೆಚ್ಚುಕಡಿಮೆ ಮಂಗಳೂರಿನ ಕಡೆಯೇ ಇದ್ದ. ಏಡನ್ನಿನ ಗೆಳೆಯರು ಅವನಿಗೆ ಬರೆದ ಪತ್ರಗಳಿವೆ. ಇಲ್ಲಿಂದ ಮೆಣಸು, ಶುಂಠಿ, ಅಡಿಕೆ, ಕಬ್ಬಿಣ; ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಕಾಗದ. ಹಳೆ ತಾಮ್ರದ ಪಾತ್ರೆ ಕಳಿಸಿ, ಹೊಸ ದೀಪ ಮಾಡಿಸಿಕೊಡು ಎನ್ನುವವರೂ ಇದ್ದರು, ಇವನದೊಂದು ಕಂಚುಗಾರರ ಕಾರ್ಖಾನೆ ಇತ್ತು. ಮುಂಗಡ ತೆಗೆದುಕೊಂಡು ಏಲಕ್ಕಿ ಕೊಡದೆ ಸತಾಯಿಸುವ ಒಬ್ಬನ ಮೇಲೆ ಪತ್ರದಿಂದ ಪತ್ರಕ್ಕೆ ಗೊಣಗಾಟ. ಆ ಮನುಷ್ಯನ ವಂಶ ನಮ್ಮ ಬಂದರಿನಲ್ಲಿ ಇನ್ನೂ ನಿರ್ವಂಶವಾಗಿಲ್ಲ.

ಭಾಷೆ ಅರಬ್ಬಿ, ಲಿಪಿ ಹೀಬ್ರೂ. ನನಗೆ ಲಿಪಿ ಗೊತ್ತು, ಅರಬ್ಬಿ ಬಾರದು. ಅರಬ್ಬಿ ವಿಭಾಗದಿಂದ ಆ ಪಾಠಕ್ಕೆ ಬರುತ್ತಿದ್ದ ಲೂಟನ್ನಿನ ಮುಸ್ಲಿಂ ಹುಡುಗಿಗೆ ಅರಬ್ಬಿ ಗೊತ್ತು, ಹೀಬ್ರೂ ಲಿಪಿ ಬಾರದು. ಹಾಗಾಗಿ ನಾನು ಅರ್ಥವಾಗದೆ ಗಟ್ಟಿಯಾಗಿ ಓದುತ್ತಿದ್ದೆ, ಅವಳು ಕಣ್ಣು ಮುಚ್ಚಿ ಕೇಳಿ ಅರ್ಥ ಹೇಳುತ್ತಿದ್ದಳು. ಒಂದು ಮಧ್ಯಾಹ್ನ ಒಂದು ಪದದಲ್ಲಿ ನಾನು ನಿಂತೆ. ಮ–ನ–ಜ–ರ–ವ–ರ. “ಮಂಜರೂರ್. ಯಾವುದೋ ಊರಿನ ಹೆಸರಿರಬೇಕು” ಎಂದಳು ಅವಳು. “ನನ್ನ ಊರು” ಎಂದೆ.

ಬೆನ್ ಯಿಜುವಿನ ಆಳೊಬ್ಬ ವ್ಯಾಪಾರಕ್ಕೆ ಏಡನ್ನಿನವರೆಗೂ ಹೋಗಿಬರುತ್ತಿದ್ದ. ಅವನ ಹೆಸರಿನಲ್ಲಿ ಒಂದು ಬ, ಒಂದು ಮ. ವಿದ್ವಾಂಸರು ಮೊದಲು ‘ಬಾಮಾ’ ಎಂದು ಓದಿದರು. ಬ್ರಹ್ಮನನ್ನು ಬೊಮ್ಮ ಎನ್ನುವ ನಾಡಿನವರಿಗೆ ಎಲ್ಲಿ ಒತ್ತು, ಎಲ್ಲಿ ಒಕಾರ ಎಂದು ಹೇಳಿಕೊಡಬೇಕಿಲ್ಲ.

1132ರ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ, ಬೆನ್ ಯಿಜು ಒಬ್ಬ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆದ. ಅವಳ ಹೆಸರು ಅ–ಶ–ವ, ‘ಅಶು’. ಪತ್ರದಲ್ಲಿ ಹೊಸ ಹೆಸರು ‘ಬೆರಾಖಾ’, ಆಶೀರ್ವಾದ ಎಂದರ್ಥ. ಇವಳೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರ ಅಂದಾಜು. ಅವಳು ಬರೆದದ್ದು, ಹೇಳಿದ್ದು ಒಂದು ಸಾಲೂ ಉಳಿದಿಲ್ಲ. ಇಂಥ ಪತ್ರದ ತಿರುಳು ಏನಿರಬೇಕೆಂದು ಮಿಶ್ನಾ ಹೇಳಿದೆ: ‘ಇಗೋ ನೀನು ಸ್ವತಂತ್ರಳು, ಇಗೋ ನೀನು ನಿನ್ನವಳು.’

ಇದನ್ನು ಅಮ್ಮನಿಗೆ ಹೇಳಿದ್ದು ಒಂದು ಬೆಳಗ್ಗೆ. ಅವಳು ಪಾಳಿ ಮುಗಿಸಿ ಬಂದು, ಬೂಟು ಬಿಚ್ಚಿ, ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಕೂತಿದ್ದಳು.

“ಅವಳ ಸಹಿ ಉಂಟಾ ಅದರಲ್ಲಿ?”

“ಅದಕ್ಕೆ ಅವಳ ಸಹಿ ಬೇಡ ಅಮ್ಮ. ಸಾಕ್ಷಿಗಳದ್ದು ಸಾಕು.”

“ಹ್ಞಾ. ಹೆಸರು ಎಂತ ಹೇಳಿದ್ದು?”

“ಅಶು.”

“ಬರೆದದ್ದು ಹೇಗೆ?”

ಟೇಬಲ್ಲಿನ ಮೇಲಿದ್ದ ಹಾಲಿನ ಬಿಲ್ಲಿನ ಹಿಂದೆ ಮೂರು ಅಕ್ಷರ ಬರೆದು ತೋರಿಸಿದೆ. ಇದು ಅ, ಇದು ಶ, ಇದು ವ. ವ ಅನ್ನುವುದು ಊ ಕೂಡ ಆಗಬಹುದು, ಓ ಕೂಡ. ಅರಬ್ಬಿಯಲ್ಲಿ ಚ ಇಲ್ಲ, ಅದಕ್ಕೆ ಶ ಹಾಕಿರಲಿಕ್ಕೂ ಸಾಕು. ಅಮ್ಮ ಬಿಲ್ಲನ್ನು ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ತಲೆಕೆಳಗಾಗಿ ಹಿಡಿದು ನೋಡಿದಳು.

“ಅಶು ಅಲ್ಲ ಮಾರಾಯ್ತಿ. ಅಚ್ಚು ಆಗಿರ್ಬೇಕು. ನಮ್ಮ ಅಜ್ಜಿಯ ಮನೆ ಹತ್ರ ಒಬ್ಬರು ಅಚ್ಚಕ್ಕ ಅಂತ ಇದ್ದರು” ಎಂದಳು. ಆಮೇಲೆ ಯಾರನ್ನೋ ಹಿತ್ತಿಲಿನಿಂದ ಕರೆಯುವವಳ ಹಾಗೆ, ಮೆಲ್ಲಗೆ, ಎರಡು ಸಲ ಹೇಳಿ ನೋಡಿದಳು. “ಅಚ್ಚೂ... ಏ ಅಚ್ಚೂ...”

ಬಕೆಟ್ಟಿನ ನೀರು ಆರಿತ್ತು. ಕೆಟ್ಲ್‌ನಿಂದ ಇನ್ನಷ್ಟು ಬಿಸಿನೀರು ಸುರಿದೆ.